ಅಡಿಕೆ ಹಾಳೆ ತಟ್ಟೆ ತೂಗಿ ಎಲ್‌ಸಿಎ ಕಲಿಸಿದ ಅನುಭವ

ಮೊದಲ ನಾಲ್ಕು ದಿನ ಯಾರೂ ಲೆಕ್ಕದ ಸಾಫ್ಟ್‌ವೇರ್ ಓಪನ್‌ಎಲ್‌ಸಿಎ ತೆರೆಯುವಂತಿಲ್ಲ. ಒಂದು ನೋಟ್‌ಬುಕ್, ಎಕ್ಸೆಲ್, ತಕ್ಕಡಿ ಇದ್ದರೆ ಸಾಕು. ಎಲ್‌ಸಿಎ, ಅಂದರೆ ಜೀವನಚಕ್ರ ಮೌಲ್ಯಮಾಪನದಿಂದ (ಕಚ್ಚಾವಸ್ತುವಿನಿಂದ ವಿಲೇವಾರಿಯವರೆಗೆ ಪರಿಸರದ ಮೇಲಿನ ಹೊರೆಯ ಲೆಕ್ಕ) ಜೈವಿಕ ಉತ್ಪನ್ನಗಳ ಸುಸ್ಥಿರತೆ ಅಳೆಯುವುದನ್ನು ಕಲಿಯಲು ಬರುವ ಹೊಸ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಮಂಗಳೂರಿನಲ್ಲಿ ನಾವು ನಡೆಸುವ ತರಬೇತಿಯ ಕ್ರಮ ಇದು. "ಡೇಟಾಬೇಸ್ ಲೈಸೆನ್ಸ್ ಇಲ್ಲದೆ ಎಂಥ ಎಲ್‌ಸಿಎ ಮಾರಾಯ್ರೇ" ಎಂದು ನಕ್ಕವರು ಕಮ್ಮಿ ಇರಲಿಲ್ಲ. ಈಗ ಅವರಲ್ಲೇ ಕೆಲವರು ತಮ್ಮ ವಿದ್ಯಾರ್ಥಿಗಳಿಗೆ ಸೀಟು ಕೇಳುತ್ತಾರೆ, ಹಾಗಾಗಿ ಬರೆದಿಡುವ ಧೈರ್ಯ ಬಂದಿದೆ.

ಮಾಮೂಲು ಕ್ರಮ ಎಲ್ಲರಿಗೂ ಗೊತ್ತಿರುವುದೇ. ಐಎಸ್‌ಒ 14040, 14044 (ಎಲ್‌ಸಿಎಯ ಅಂತರರಾಷ್ಟ್ರೀಯ ಮಾನದಂಡಗಳು) ಸ್ಲೈಡು ಎರಡು ದಿನ, ಸಾಫ್ಟ್‌ವೇರ್ ಎರಡು ದಿನ, ಕೊನೆಗೊಂದು ಪ್ರಾಜೆಕ್ಟು. ಬಣ್ಣಬಣ್ಣದ ಬಾರ್ ಚಾರ್ಟ್ ಎಲ್ಲರಿಗೂ ಬರುತ್ತದೆ, ಆದರೆ ಅತಿ ಎತ್ತರದ ಬಾರ್ ಯಾಕೆ ಅಷ್ಟು ಎತ್ತರ ಎಂದರೆ ಉತ್ತರವಿಲ್ಲ. ಹಾಗೆ ನಡೆದ ತಂಡಗಳಲ್ಲಿ ಪದೇ ಪದೇ ಕಂಡ ದೋಷಗಳು ಎರಡು. ಬಂಟ್ವಾಳದ ಘಟಕಕ್ಕೆ ಯುರೋಪಿನ ಗ್ರಿಡ್ ಕರೆಂಟು ಜೋಡಿಸುವುದು ಒಂದು, ಕರೆಂಟಿನ ಯೂನಿಟ್ಟನ್ನು (ಕಿಲೋವ್ಯಾಟ್-ಗಂಟೆ) ಮೆಗಾಜೂಲ್ ಕಾಲಮ್ಮಿಗೆ ಹಾಗೇ ಹಾಕುವುದು ಇನ್ನೊಂದು. ಎರಡನೆಯದರಲ್ಲಿ ಫಲಿತಾಂಶ 3.6 ಪಟ್ಟು ಇಳಿದುಹೋಗುತ್ತದೆ. ಸಾಫ್ಟ್‌ವೇರ್ ಚಕಾರ ಎತ್ತುವುದಿಲ್ಲ.

ಅಭ್ಯಾಸಕ್ಕೆ ಹಾಳೆ ತಟ್ಟೆ ಆರಿಸಲು ಕಾರಣವಿದೆ. ಒಂದೇ ಕಡೆ ನಿಂತರೆ ಇಡೀ ಪ್ರಕ್ರಿಯೆ ಕಾಣುತ್ತದೆ: ಒಣ ಹಾಳೆ, ತೊಳೆದು ನೆನೆಸುವ ತೊಟ್ಟಿ, ಬಿಸಿ ಡೈ (ತಟ್ಟೆ ಒತ್ತುವ ಅಚ್ಚು), ಅಂಚು ಕತ್ತರಿಸುವುದು, ಕಟ್ಟು ಕಟ್ಟುವುದು. ಗೇರುಬೀಜದ ಕಾರ್ಖಾನೆಯಲ್ಲಿ ಬಾಯ್ಲರ್ ಇದೆ, ಒಂದು ಬೀಜದಿಂದ ನಾಲ್ಕೈದು ದಾರಿ ಹೊರಡುತ್ತದೆ, ಹೊಸಬರಿಗೆ ಹೇಳಿದ್ದಲ್ಲ. ಮೀನೆಣ್ಣೆ, ಮೀನಿನ ಹಿಟ್ಟಿನ ಘಟಕವನ್ನೂ ಯೋಚಿಸಿದ್ದೆವು. ಮೂಗಿನ ಕಾರಣಕ್ಕೆ ಬಿಟ್ಟೆವು.

ಫಂಕ್ಷನಲ್ ಯೂನಿಟ್, ಅಂದರೆ ಯಾವ ಕೆಲಸದ ಲೆಕ್ಕದಲ್ಲಿ ಹೋಲಿಸಬೇಕು ಎಂಬುದನ್ನು ನಿರ್ಧರಿಸಲು ಅರ್ಧ ದಿನ ಕೊಡುತ್ತೇವೆ. ಎಲ್ಲರೂ ಮೊದಲು ಬರೆಯುವುದು "1 ಕೆಜಿ ತಟ್ಟೆ". ಹತ್ತು ಇಂಚಿನ ಹಾಳೆ ತಟ್ಟೆ ಸುಮಾರು 20 ಗ್ರಾಂ ತೂಗುತ್ತದೆ, ಅದೇ ಅಳತೆಯ ತೆಳು ಕಾಗದದ ತಟ್ಟೆ ಅದರ ಅರ್ಧವೂ ಇಲ್ಲ. ಕೆಜಿಗೆ ಕೆಜಿ ಹೋಲಿಸಿದರೆ ಊಟದ ಲೆಕ್ಕವೇ ತಪ್ಪುತ್ತದೆ. "ಅನ್ನ, ಸಾರು, ಪಾಯಸದ ಒಂದು ಊಟ, 20 ನಿಮಿಷ ಸೋರದೆ ತಡೆಯಬೇಕು" ಎಂದು ಬರೆಸಿದ ಮೇಲೆ ಕಾಗದದ ತಟ್ಟೆಗೆ ಎರಡು ಬೇಕು ಎಂದು ಅವರಿಗೇ ಹೊಳೆಯುತ್ತದೆ. ಬಾಳೆ ಎಲೆ, ತೊಳೆಯುವ ಸ್ಟೀಲ್ ತಟ್ಟೆ ಕೂಡ ಆಗ ಹೋಲಿಕೆಗೆ ಸಿಗುತ್ತವೆ.

ಕರೆಂಟಿನ ಲೆಕ್ಕವೇ ತರಬೇತಿಯ ಮುಖ್ಯ ಭಾಗ. ಐದು ಡೈಯ ಯಂತ್ರದ ನೇಮ್‌ಪ್ಲೇಟ್ ನೋಡಿದರೆ ಎಲ್ಲ ಸೇರಿ 5 ಕಿಲೋವ್ಯಾಟ್ ಆಸುಪಾಸು. ಎಂಟು ಗಂಟೆಗೆ ಗುಣಿಸಿ 40 ಯೂನಿಟ್ ಎಂದು ಬರೆಯುತ್ತಾರೆ. ನಾವು ಬೋರ್ಡಿಗೆ ಕೂರಿಸಿದ ತ್ರೀ-ಫೇಸ್ ಮೀಟರ್ ತೋರಿಸುವುದು 22ರ ಆಸುಪಾಸು. ಡೈ ಬಿಸಿಯಾದ ಮೇಲೆ ಥರ್ಮೋಸ್ಟಾಟ್ ಹೀಟರನ್ನು ಆಗಾಗ ಆರಿಸುತ್ತದೆ, ಪೂರ್ತಿ ಎಳೆಯುವುದು ಬೆಳಗಿನ ಮೊದಲ ಅರ್ಧ ಗಂಟೆ ಮಾತ್ರ. ಆ ದಿನಕ್ಕೆ 900 ಒಳ್ಳೆಯ ತಟ್ಟೆ ಬಂದರೆ ಒಂದಕ್ಕೆ 0.024 ಯೂನಿಟ್. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಂತೆ ಯೂನಿಟ್‌ಗೆ ಸುಮಾರು 0.72 ಕೆಜಿ ಇಂಗಾಲದ ಡೈಆಕ್ಸೈಡ್ ಹಿಡಿದರೆ ತಟ್ಟೆಗೆ 17–18 ಗ್ರಾಂ, ಹೆಚ್ಚುಕಡಿಮೆ ತಟ್ಟೆಯ ತೂಕದಷ್ಟೇ. ನೇಮ್‌ಪ್ಲೇಟ್ ನಂಬಿದವರಿಗೆ 32 ಗ್ರಾಂ. ಪ್ರಾಧಿಕಾರದ ಅಂಕಿಯಲ್ಲಿ ಕಲ್ಲಿದ್ದಲು ಅಗೆಯುವ ಹೊಗೆಯೂ ಇಲ್ಲ, ತಂತಿಯಲ್ಲಿ ಸೋರುವುದೂ ಇಲ್ಲ. ಅದನ್ನು ಬೇರೆಯಾಗಿ ಸೇರಿಸಬೇಕು. ಮೆಸ್ಕಾಂ ಬಿಲ್ಲಿನೊಂದಿಗೆ ತಾಳೆ ನೋಡದೆ ಮುಂದಿನ ಹಂತಕ್ಕೆ ಬಿಡುವುದಿಲ್ಲ. ಮಾಲೀಕರಿಂದ ಬಿಲ್ಲು ಹೊರಗೆ ಬರಿಸುವ ಉಪಾಯ ಮಾತ್ರ ನಮ್ಮಲ್ಲೇ ಇರಲಿ.

ತೂಕದ ತಾಳೆ ತಪ್ಪುವುದು ನೀರಿನಿಂದ. ಒಣ ಹಾಳೆ ತೂಗಿದವರು, ನೆನೆದ ಹಾಳೆ ತೂಗಿದವರು ಒಂದೇ ಶೀಟಿನಲ್ಲಿ ಬರೆದರೆ ಮೂರನೇ ಒಂದು ಭಾಗ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಹಾಗಾಗಿ ಪ್ರತಿ ಹಂತದಿಂದ ಐದೈದು ತುಂಡು ಕತ್ತರಿಸಿ, ಅಲ್ಲೇ ತೂಗಿ ಜಿಪ್ ಕವರಿಗೆ ಹಾಕಿ, ಕಾಲೇಜಿನ ಒವನ್ನಿನಲ್ಲಿ 105 ಡಿಗ್ರಿಗೆ ರಾತ್ರಿಯಿಡೀ ಒಣಗಿಸಿ ಮತ್ತೆ ತೂಗುತ್ತೇವೆ. ಎಲ್ಲವೂ ಒಣ ತೂಕಕ್ಕೆ ಬಂದ ಮೇಲೆ ಹಾಳೆ = ತಟ್ಟೆ + ಅಂಚು + ರಿಜೆಕ್ಟ್ ಎಂಬ ಲೆಕ್ಕ ಶೇ. 5ರೊಳಗೆ ಕೂಡಬೇಕು. ಇದರಿಂದ ಇನ್ನೊಂದು ಲಾಭವೂ ಸಿಕ್ಕಿತು. ಡೈಯೊಳಗೆ ತಟ್ಟೆಗೆ 10 ಗ್ರಾಂ ನೀರು ಆವಿಯಾಗುತ್ತದೆ ಎಂದಿಟ್ಟುಕೊಳ್ಳಿ. ಕೆಜಿ ನೀರಿಗೆ ಬಿಸಿಮಾಡುವುದೂ ಸೇರಿ ಸುಮಾರು 2.6 ಮೆಗಾಜೂಲ್, ದಿನಕ್ಕೆ ಆರೂವರೆ ಯೂನಿಟ್ ಬರೀ ನೀರು ಓಡಿಸಲು. ನೆನೆದ ಹಾಳೆಯನ್ನು ಅಟ್ಟಿ ಹಾಕುವ ಬದಲು ರಾತ್ರಿ ಓರೆಯಾಗಿ ನಿಲ್ಲಿಸಿಟ್ಟರೆ ಮೀಟರಿನಲ್ಲಿ ಒಂದೆರಡು ಯೂನಿಟ್ ಇಳಿದದ್ದು ಕಂಡಿತು. ಮಾಲೀಕರು ನಮ್ಮನ್ನು ಮತ್ತೆ ಒಳಗೆ ಬಿಡುವುದಕ್ಕೆ ಅದೇ ಕಾರಣ ಎಂದು ನನ್ನ ಗುಮಾನಿ. ಆದರೆ ಹಾಳೆ ತೀರಾ ಒಣಗಿದರೆ ಡೈಯಲ್ಲಿ ಸೀಳುತ್ತದೆ, ಎಷ್ಟು ಸಾಕೆಂದು ಕೈಯೇ ಹೇಳಬೇಕು.

ಅಲೊಕೇಶನ್ (ಒಂದೇ ಮೂಲದ ಹಲವು ಉತ್ಪನ್ನಗಳಿಗೆ ಹೊರೆ ಹಂಚುವುದು) ವಿಷಯಕ್ಕೆ ಬಂದರೆ ಜಗಳ ಗ್ಯಾರಂಟಿ. ಹಾಳೆ ಕಸವೋ ಉಪ ಉತ್ಪನ್ನವೋ? ಕೈಲೆಕ್ಕ ಹೀಗೆ: ಒಂದು ಮರ ವರ್ಷಕ್ಕೆ 2 ಕೆಜಿ ಚಾಲಿ ಅಡಿಕೆ, ಏಳು ಹಾಳೆ. ಅಡಿಕೆ ಕೆಜಿಗೆ 450 ರೂಪಾಯಿ, ಹಾಳೆ ಒಂದಕ್ಕೆ 2 ರೂಪಾಯಿ ಎಂದರೆ ಹಣದ ಪ್ರಕಾರ ಹಾಳೆಯ ಪಾಲು ಶೇ. 1.5. ಏಳು ಹಾಳೆಯ ಒಣ ತೂಕ 900 ಗ್ರಾಂ ಎಂದು ಹಿಡಿದು ತೂಕದ ಪ್ರಕಾರ ಹಂಚಿದರೆ ಶೇ. 31. ಇಪ್ಪತ್ತು ಪಟ್ಟು ವ್ಯತ್ಯಾಸ! ಇದಕ್ಕೆ ತೋಟದ ಗೊಬ್ಬರ ಜೋಡಿಸುತ್ತೇವೆ. ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಶಿಫಾರಸು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ. ಇಲ್ಲಿ ಎರಡು ಕಡೆ ಜಾರುತ್ತಾರೆ: 100 ಗ್ರಾಂ ಯೂರಿಯಾ ಎಂದು ಬರೆದರೆ ಅದರಲ್ಲಿ ಸಾರಜನಕ 46 ಗ್ರಾಂ ಮಾತ್ರ, ನೈಟ್ರಸ್ ಆಕ್ಸೈಡ್‌ಗೆ (ಗೊಬ್ಬರದಿಂದ ಹುಟ್ಟುವ ಹಸಿರುಮನೆ ಅನಿಲ) ಬದಲಿಸುವಾಗ 44/28 (ಅಣುತೂಕದ ಅನುಪಾತ) ಮರೆತರೆ ಮೂರನೇ ಒಂದು ಭಾಗ ಮಾಯ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ ಐಪಿಸಿಸಿಯ 2019ರ ಪರಿಷ್ಕರಣೆಯಲ್ಲಿ ತೇವದ ಹವೆಗೆ ಕೊಟ್ಟಂತೆ ಸಾರಜನಕದ ಶೇ. 1.6 ಹೀಗೆ ಹಾರುತ್ತದೆ ಎಂದು ಹಿಡಿದರೆ ಮರಕ್ಕೆ 2.5 ಗ್ರಾಂ ನೈಟ್ರಸ್ ಆಕ್ಸೈಡ್, 273ರಿಂದ (ಇಂಗಾಲದ ಡೈಆಕ್ಸೈಡಿಗಿಂತ ಅದು ಅಷ್ಟು ಪಟ್ಟು ಬಿಸಿಯೇರಿಸುತ್ತದೆ) ಗುಣಿಸಿದರೆ ಸುಮಾರು 690 ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ಹಣದ ಹಂಚಿಕೆಯಲ್ಲಿ ಒಂದು ಹಾಳೆಗೆ ಒಂದೂವರೆ ಗ್ರಾಂ, ತೂಕದ ಹಂಚಿಕೆಯಲ್ಲಿ 30 ಗ್ರಾಂ. ಕಾರ್ಖಾನೆಯ ಕರೆಂಟಿಗಿಂತ ತೋಟ ದೊಡ್ಡದೋ ಚಿಕ್ಕದೋ ಎಂಬುದು ಈ ಒಂದು ಆಯ್ಕೆಯ ಮೇಲೆ ನಿಂತಿದೆ. ಹಂಚಿಕೆ ತಪ್ಪಿಸಿಕೊಳ್ಳಲು ಸಾಧ್ಯವಾದರೆ ತಪ್ಪಿಸಿಕೊಳ್ಳಿ ಎಂದು 14044 ಮೊದಲೇ ಹೇಳುತ್ತದಲ್ಲ, ಅದಕ್ಕೂ ಒಂದು ಗುಂಪು ಇರುತ್ತದೆ. ಹಾಳೆ ತೋಟದಲ್ಲೇ ಕೊಳೆತು ಗೊಬ್ಬರವಾಗುತ್ತಿತ್ತು, ಈಗ ಅದರಲ್ಲಿದ್ದ ಪೊಟ್ಯಾಷ್ ಅಂಗಡಿಯಿಂದ ಬರಬೇಕು ಎಂದು ಅವರು ಲೆಕ್ಕ ಹಾಕುತ್ತಾರೆ. ಕೃಷಿಕರ ಮನೆಯ ಮಕ್ಕಳಿದ್ದರೆ ಈ ಗುಂಪೇ ಗೆಲ್ಲುತ್ತದೆ.

ಐದನೇ ದಿನ ಸಾಫ್ಟ್‌ವೇರ್. ಆ ಹೊತ್ತಿಗೆ ಉತ್ತರ ಎಲ್ಲಿ ಬರಬೇಕೆಂದು ಕಾಗದದ ಮೇಲೆ ಇರುತ್ತದೆ, ದೂರ ಹೋದರೆ ತಾವೇ ಹುಡುಕುತ್ತಾರೆ. ಉಚಿತವಾಗಿ ಸಿಗುವ ಡೇಟಾಬೇಸ್ ಅಗ್ರಿಬಾಲೀಸ್ ಹಿನ್ನೆಲೆ ದತ್ತಾಂಶಕ್ಕೆ ಪರವಾಗಿಲ್ಲ, ಫ್ರಾನ್ಸಿನ ತೋಟಗಳದ್ದಾದ್ದರಿಂದ ಅಡಿಕೆಗೆ ಮುಟ್ಟುವಂತಿಲ್ಲ. ಇಂಗಾಲ ಬಿಟ್ಟು ವಿಷತ್ವದ ಕಡೆ ನೋಡಿದರೆ ಚಿತ್ರವೇ ಬೇರೆ: ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರ ಎಲ್ಲವನ್ನೂ ನುಂಗಿಬಿಡುತ್ತದೆ. ಮೈಲುತುತ್ತಿನಲ್ಲಿ ತಾಮ್ರ ಕಾಲು ಭಾಗ ಮಾತ್ರ, ಇಡೀ ತೂಕವನ್ನೇ ತಾಮ್ರವೆಂದು ಹಾಕಬೇಡಿ.

ನಿಜವಾಗಿ ಕೆಲಸ ಮಾಡಿದ್ದು ಅದಲುಬದಲು. ಒಂದು ಗುಂಪಿನ ಶೀಟನ್ನು ಇನ್ನೊಂದು ಗುಂಪಿಗೆ ಕೊಡುತ್ತೇವೆ, ಪ್ರಶ್ನೆ ಕೇಳುವಂತಿಲ್ಲ, ಫಲಿತಾಂಶ ಶೇ. 10ರೊಳಗೆ ಬರಬೇಕು. ಬಾರದಿದ್ದರೆ ಬರೆದವರದ್ದೇ ತಪ್ಪು. ಮೂಲ ಇಲ್ಲದ ಅಂಕಿ, ಅಳತೆಯ ಮಾನ ಬರೆಯದ ಕಾಲಮ್, "ಇತರೆ" ಎಂಬ ಸಾಲು ಎಲ್ಲ ಆಗ ಬೀಳುತ್ತದೆ. ನಾವೇ ಬೇಕೆಂದು ತಪ್ಪು ಹೂತಿಟ್ಟ ಶೀಟೊಂದು ಕೂಡ ಆ ಕಟ್ಟಿನಲ್ಲಿ ಇರುತ್ತದೆ. ಏನೇನು ತಪ್ಪು ಎಂದು ಇಲ್ಲಿ ಬರೆದರೆ ಮುಂದಿನ ತಂಡ ಓದಿಕೊಂಡು ಬರುತ್ತದೆ.

ಹಾಳೆ ತಟ್ಟೆಯ ಜೊತೆ ಮಾಡಿ ನೋಡಿದ ಪಕ್ಕದ ಪ್ರಯೋಗಗಳಲ್ಲಿ ಗೇರುಬೀಜ ಪರವಾಗಿಲ್ಲ. ಒಂದು ಕೆಜಿ ಬೀಜಕ್ಕೆ ಸುಮಾರು 250 ಗ್ರಾಂ ತಿರುಳು, 700 ಗ್ರಾಂ ಸಿಪ್ಪೆ. ತೂಕದಲ್ಲಿ ಹಂಚಿದರೆ ಸಿಪ್ಪೆ ಎಣ್ಣೆಯಿಂದ ರಾಳ ಮಾಡುವವರು ಮುಳುಗಿದರು, ಹಣದಲ್ಲಿ ಹಂಚಿದರೆ ಹೊರೆಯ ಶೇ. 95 ತಿರುಳಿಗೇ ಹೋಯಿತು. ಸಾಮಾಜಿಕ ಎಲ್‌ಸಿಎ (ಕೂಲಿ, ಕೆಲಸದ ಸ್ಥಿತಿಗತಿ ಅಳೆಯುವುದು) ಮಾತ್ರ ನೆಲಕಚ್ಚಿತು. ಸೂಪರ್‌ವೈಸರ್ ಪಕ್ಕದಲ್ಲಿ ನಿಂತಿರುವಾಗ ಯಾವ ಹೆಂಗಸು ಕೂಲಿ ಕಮ್ಮಿ ಎಂದಾಳು? 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) ಹಾಳೆ ತಟ್ಟೆಯ ಆಲ್ಕಲಾಯ್ಡ್ ಬಗ್ಗೆ ಎತ್ತಿದ ತಕರಾರನ್ನು ಎಲ್ಲಿ ಸೇರಿಸುವುದೆಂದು ಕೇಳುತ್ತಾರೆ. ಅದು ಆಹಾರ ಸುರಕ್ಷತೆ, ಈ ಲೆಕ್ಕದ ಗಡಿಯ ಆಚೆ. ವರದಿಯ ಮೊದಲ ಪುಟದಲ್ಲೇ ಹಾಗೆಂದು ಬರೆಸುತ್ತೇವೆ.

ದುಡ್ಡಿನ ವಿಷಯ. ತಂಡಕ್ಕೆ ಹನ್ನೆರಡು ಜನ, ತಲೆಗೆ ಮೂರೂವರೆ ಸಾವಿರ. ಮೀಟರ್ ಮೂರು ಸಾವಿರದ ಆಸುಪಾಸು, 0.1 ಗ್ರಾಂ ತಕ್ಕಡಿ ಎರಡು ಸಾವಿರದೊಳಗೆ, ಇವೆರಡೂ ಒಮ್ಮೆಯ ಖರ್ಚು. ಟೆಂಪೋ ಮತ್ತು ಊಟಕ್ಕೇ ಹೆಚ್ಚು ಹೋಗುತ್ತದೆ. ಯಂತ್ರದ ಮೇಲಿರುವವರಿಗೆ ಸಂಬಳ ತಟ್ಟೆಯ ಲೆಕ್ಕದಲ್ಲಿ. ನಾವು ಮಧ್ಯೆ ತಕ್ಕಡಿ ಇಟ್ಟರೆ ಅವರ ದಿನದ ಗಳಿಕೆ ಇಳಿಯುತ್ತದೆ, ಅದನ್ನು ತುಂಬಿಕೊಡಲು ಮೊದಲೇ ತೆಗೆದಿಡಿ. ಆಮೇಲೆ ಅವರೇ ರಿಜೆಕ್ಟ್‌ಗಳನ್ನು ಎಣಿಸಿ ಇಟ್ಟಿರುತ್ತಾರೆ. ಮುಂದಿನ ತಂಡ ಜುಲೈಯಲ್ಲಿ. ಏಪ್ರಿಲ್ ಅಂಕಿಗಳು ಚಂದ ಕಾಣುತ್ತವೆ, ಆದರೆ ಮಳೆಗಾಲದಲ್ಲಿ ಗೋದಾಮಿನ ಹಾಳೆಗೆ ಬೂಸ್ಟು ಹಿಡಿದು ರಿಜೆಕ್ಟ್ ಏರುತ್ತದೆ, ಪದೇ ಪದೇ ಕರೆಂಟು ಹೋಗಿ ಡೈ ಮತ್ತೆ ಮತ್ತೆ ಬಿಸಿಯಾಗಬೇಕು. ಆ ತಿಂಗಳ ಮೀಟರ್ ಓದಿದ ಮೇಲೆ 0.024 ಉಳಿಯುವುದಿಲ್ಲ.