ಮಳೆಗಾಲದ ಕ್ಯಾಂಪಿನಲ್ಲಿ ಫ್ಲೂ ತಡೆದದ್ದು: ನನ್ನ ಅನುಭವ

ಮಂಗಳೂರಿನ ಮಳೆಗಾಲದಲ್ಲಿ ಎನ್‌ಸಿಸಿ ಕ್ಯಾಂಪ್ ಅಂದರೆ ಜ್ವರ ಖಾತ್ರಿ ಅನ್ನುತ್ತಿದ್ದರು. ಹಿಂದಿನ ಸಲ 200 ಹುಡುಗರಲ್ಲಿ 70ರಷ್ಟು ಜನ ಮಲಗಿ, ಕ್ಯಾಂಪ್ ಅರ್ಧಕ್ಕೇ ನಿಂತಿತ್ತು. ಈ ಸಲ ಜ್ವರ ಬಂದದ್ದು ಏಳೆಂಟು ಜನರಿಗೆ.

ಉಪಾಯ ಸಿಕ್ಕಿದ್ದು 1918ರ ಫ್ಲೂ ಬಗ್ಗೆ ಓದುವಾಗ. ಅಮೆರಿಕದ ಬಾಸ್ಟನ್ ಬಂದರಿನ ನಾವಿಕರಲ್ಲಿ ಶುರುವಾದ ಜ್ವರ ಕೆಲವೇ ದಿನಗಳಲ್ಲಿ ಹತ್ತಿರದ ಸೇನಾ ಶಿಬಿರ ಕ್ಯಾಂಪ್ ಡೆವನ್ಸ್‌ಗೆ ನುಗ್ಗಿತು. ಅಲ್ಲಿ ಸೈನಿಕರನ್ನು ಕಿಕ್ಕಿರಿದು ತುಂಬಿದ್ದರು. ಸುಮಾರು 14 ಸಾವಿರ ಜನ ಹಾಸಿಗೆ ಹಿಡಿದರು, 750ರಷ್ಟು ಜನ ತೀರಿಕೊಂಡರು. ಬಾಸ್ಟನ್ ಪಕ್ಕದ ಕೋರಿ ಹಿಲ್‌ನಲ್ಲಿ ರೋಗಿಗಳನ್ನು ಬಯಲಿನ ಟೆಂಟುಗಳಲ್ಲಿಟ್ಟರು. ಸೇನಾ ಶಿಬಿರಗಳಲ್ಲಿ ಮಂಚಗಳ ನಡುವೆ ಬಟ್ಟೆ ಕಟ್ಟಿದರು. ಒಬ್ಬನ ತಲೆಯ ಕಡೆ ಪಕ್ಕದವನ ಕಾಲು ಬರುವ ಹಾಗೆ ಮಲಗಿಸಿದರು.

ನಾನು ಇದನ್ನೇ ಮಾಡೋಣ ಅಂದಾಗ "ಸರ್, ಇದೇನು ಆಸ್ಪತ್ರೆಯಾ?" ಅಂತ ಕೇಳಿದವರೇ ಜಾಸ್ತಿ.

ಮೊದಲು ಹಾಸಿಗೆಗಳ ನಡುವೆ ಕಟ್ಟಲು ಪ್ಲಾಸ್ಟಿಕ್ ಶೀಟ್ ತಂದೆವು. ನಾಲ್ಕು ಸಾವಿರ ದಂಡ. ಗಾಳಿಯೇ ಆಡದೆ ಹಾಲ್ ಬೆವರಿತು, ರಾತ್ರಿಯೇ ಹುಡುಗರು ಕಿತ್ತು ಹಾಕಿದರು. ಆಮೇಲೆ ಕಿಟಕಿ ಸರಳಿಗೆ ನೈಲಾನ್ ಹಗ್ಗ ಕಟ್ಟಿ ಅವರವರ ಲುಂಗಿಯನ್ನೇ ಇಳಿಬಿಟ್ಟೆವು. ಹಗ್ಗಕ್ಕೆ ಆರುನೂರು ಚಿಲ್ಲರೆ. ಹಗ್ಗ ಜೋತು ಬೀಳದಂತೆ ಹಾಕುವ ಗಂಟನ್ನು ನಮ್ಮ ಹುಡುಗರಿಗೆ ಮಾತ್ರ ಹೇಳಿಕೊಟ್ಟಿದ್ದೇನೆ. ಮಳೆ ಹೊಡೆಯುವುದು ಪಡುವಣದಿಂದ ಅಲ್ವಾ? ಆ ಕಡೆಯ ಕಿಟಕಿ ಮುಚ್ಚಿ, ಮೂಡಣದ್ದನ್ನು ಹಗಲೂ ರಾತ್ರಿ ತೆರೆದಿಟ್ಟೆವು.

ಹಣೆಗೆ ಹಿಡಿಯುವ ಥರ್ಮಾಮೀಟರ್ ಸುಮ್ನೆ ದಂಡ. ಮಳೆಯಲ್ಲಿ ನೆನೆದು ಬಂದವನ ಹಣೆ ತಣ್ಣಗಿರುತ್ತದೆ, ಮೈ ಸುಡುತ್ತಿದ್ದರೂ ಗೊತ್ತಾಗುವುದಿಲ್ಲ. ನೂರೈವತ್ತು ರೂಪಾಯಿಯ ಕಂಕುಳ ಥರ್ಮಾಮೀಟರೇ ಸರಿ. ಪರೇಡ್ ತಪ್ಪುತ್ತದೆ ಅಂತ ಜ್ವರ ಮುಚ್ಚಿಡುವವರಿದ್ದಾರೆ. ಅವರನ್ನು ಸಾಲುಗಟ್ಟಿ ನಿಲ್ಲುವ ಫಾಲ್‌ಇನ್‌ನಲ್ಲೇ ಹಿಡಿಯುವ ದಾರಿ ನನಗೆ ಗೊತ್ತು. ಕೆಡೆಟ್‌ಗಳೂ ಓದುತ್ತಾರೆ, ಹಾಗಾಗಿ ಇಲ್ಲಿ ಬರೆಯುವುದಿಲ್ಲ. ಜ್ವರ ಕಂಡವನಿಗೆ ಅದೇ ಗಳಿಗೆಯಲ್ಲಿ ಬೇರೆ ಕೋಣೆ, ಮಾಸ್ಕ್, ಕುಚ್ಚಲಕ್ಕಿ ಗಂಜಿ. ಉಬ್ಬಸ ಇದ್ದವನಾದರೆ ನೇರ ಡಾಕ್ಟರ ಹತ್ತಿರ. ಫ್ಲೂ ಮಾತ್ರೆ ಮೊದಲ ಎರಡು ದಿನದಲ್ಲಿ ಶುರುವಾದರೇ ಹೆಚ್ಚು ಉಪಯೋಗ.

ಊಟಕ್ಕೆ ಅಡಿಕೆ ಹಾಳೆಯ ತಟ್ಟೆಯನ್ನೂ ನೋಡಿದೆವು. ಒಂದಕ್ಕೆ ಮೂರ್ನಾಲ್ಕು ರೂಪಾಯಿ, ಮೂರು ಹೊತ್ತಿಗೆ ಕೈಗೆಟುಕಲಿಲ್ಲ. ಮತ್ತೆ ಸ್ಟೀಲ್ ತಟ್ಟೆಗೇ ಬಂದು, ಹಂಡೆಯ ಕುದಿನೀರಿನಲ್ಲಿ ಅದ್ದಿ ತೆಗೆದೆವು. ಕಾಳುಮೆಣಸಿನ ಕಷಾಯ ಗಂಟಲಿಗೆ ಹಿತ, ಜ್ವರವನ್ನೇನೂ ತಡೆಯಲಿಲ್ಲ. ಪ್ಲಾಸ್ಟಿಕ್ಕಿನ ದಂಡ ಬಿಟ್ಟರೆ ಒಟ್ಟು ಖರ್ಚು ಮೂರು ಸಾವಿರದ ಒಳಗೆ. "ಆಸ್ಪತ್ರೆಯಾ" ಅಂದವರೇ ಈಗ ಲುಂಗಿ ಕಟ್ಟುವ ಅಳತೆ ಕೇಳುತ್ತಿದ್ದಾರೆ.