ಚುಕ್ಕಿ ಇಟ್ಟು ಕಲಿತ ನ್ಯೂರೋಅನಾಟಮಿ

ಮೂರನೇ ಸಲ ನೀಟ್ ಪಿಜಿ (ಎಂಬಿಬಿಎಸ್ ಆದ ಮೇಲಿನ ಸ್ನಾತಕೋತ್ತರ ಸೀಟಿನ ಪರೀಕ್ಷೆ) ಬರೆದು ಹೊರಗೆ ಬಂದ ಮೇಲೆ ಗೆಳತಿಯರ ಜೊತೆ ಕೂತು ಪ್ರಶ್ನೆಗಳನ್ನು ನೆನಪು ಮಾಡಿ ತಾಳೆ ನೋಡಿದೆ. ಅನಾಟಮಿಯಲ್ಲಿ, ಅಂದರೆ ದೇಹರಚನೆಯಲ್ಲಿ, ತಪ್ಪಿದ್ದು ಎರಡೋ ಮೂರೋ ಅಷ್ಟೇ. ಮೊದಲ ಸಲ ಇದೇ ಅನಾಟಮಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಬ್ರೈನ್‌ಸ್ಟೆಮ್ (ಮೆದುಳಿನ ಬುಡದ ಕಾಂಡ) ಅಂತ ಕಂಡರೆ ಸಾಕು, ಆಮೇಲೆ ನೋಡೋಣ ಅಂತ ರಿವ್ಯೂಗೆ ಹಾಕಿ ಮುಂದೆ ಹೋಗುತ್ತಿದ್ದೆ. ಮತ್ತೆ ತಿರುಗಿ ಬರುವಷ್ಟರಲ್ಲಿ ಟೈಮ್ ಮುಗಿದಿರುತ್ತಿತ್ತು.

ಮೊದಲ ಎರಡು ಸಲ ಸುರಿದ ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ವಿಡಿಯೋ ಆ್ಯಪ್‌ಗೆ ಸುಮಾರು 35 ಸಾವಿರ. ಪ್ರಿಂಟೆಡ್ ನೋಟ್ಸ್‌ಗೆ 9 ಸಾವಿರ. 3ಡಿ ಅನಾಟಮಿ ಆ್ಯಪ್‌ಗೆ ಎರಡು ಸಾವಿರದ ಹತ್ತಿರ. ವಿಜಯನಗರದಲ್ಲಿ ರೀಡಿಂಗ್ ರೂಮ್ ತಿಂಗಳಿಗೆ 1,500, ಊಟ, ರೂಮ್ ಬಾಡಿಗೆ ಬೇರೆ. ಇಂಟರ್ನ್‌ಶಿಪ್‌ನಲ್ಲಿ ಉಳಿಸಿದ್ದೆಲ್ಲ ಹೋಯಿತು. 3ಡಿ ಆ್ಯಪ್‌ನಲ್ಲಿ ಮೆದುಳನ್ನು ತಿರುಗಿಸಿ ತಿರುಗಿಸಿ ನೋಡುವಾಗ ಎಲ್ಲ ಗೊತ್ತು ಅನ್ನಿಸುತ್ತೆ. ಮೊಬೈಲ್ ಕೆಳಗಿಟ್ಟ ಮೇಲೆ ಏನೂ ಇರಲ್ಲ. ದಿನಾ ಕಾರ್ಡ್ ತೋರಿಸಿ ನೆನಪು ಮಾಡಿಸುವ ಆ್ಯಂಕಿ ಆ್ಯಪ್‌ನಲ್ಲೂ ಅಷ್ಟೇ. ಎರಡು ನೈಟ್ ಡ್ಯೂಟಿ ಮಾಡಿ ಬಂದರೆ 700 ಕಾರ್ಡ್ ಬಾಕಿ ಕೂತಿರುತ್ತಿತ್ತು.

ಎರಡನೇ ಸಲವೂ ರ‍್ಯಾಂಕ್ ಬರದೆ ಊರಿಗೆ ಹೋಗಿದ್ದೆ. ಬೆಳಿಗ್ಗೆ ಅಮ್ಮ ಬಾಗಿಲಿಗೆ ರಂಗೋಲಿ ಹಾಕುತ್ತಿದ್ದರು. 15 ರಿಂದ 8ರ ಸಂದು ಚುಕ್ಕಿ. ಪುಸ್ತಕ ಇಲ್ಲ, ಮೊಬೈಲ್ ಇಲ್ಲ. ಪಕ್ಕದ ಮನೆಯವರ ಜೊತೆ ಮಾತಾಡುತ್ತಲೇ ಎಳೆ ಎಳೆದು ಮುಗಿಸಿದರು. ಒಂದು ಎಳೆ ತಪ್ಪಿತ್ತು. ಚುಕ್ಕಿ ಉಳಿದುಬಿಟ್ಟಿತ್ತಲ್ಲ, ಅದರಿಂದಲೇ ಗೊತ್ತಾಯಿತು. ಅಲ್ಲೇ ಒರೆಸಿ ಸರಿ ಮಾಡಿದರು. ನನಗೆ ಬೇಕಾಗಿದ್ದು ಇದೇ ಅನ್ನಿಸಿತು. ಚುಕ್ಕಿ ಎಷ್ಟು ಅಂತ ಗೊತ್ತಿದ್ದರೆ ಏನು ಬಿಟ್ಟುಹೋಗಿದೆ ಅಂತಲೂ ಗೊತ್ತಾಗುತ್ತೆ.

ಮೊದಲು ಬ್ರೇಕಿಯಲ್ ಪ್ಲೆಕ್ಸಸ್ (ಕತ್ತಿನಿಂದ ಕೈಗೆ ಹೋಗುವ ನರಗಳ ಜಾಲ) ಹಿಡಿದೆ. 5 ರೂಟ್, 3 ಟ್ರಂಕ್, 6 ಡಿವಿಷನ್, 3 ಕಾರ್ಡ್, 5 ಬ್ರಾಂಚ್. ಮೊದಲು ಇಷ್ಟು ಚುಕ್ಕಿ, ಆಮೇಲೆ ಎಳೆ, ಹೆಸರು ಕೊನೆಗೆ. ರೂಮಿನ ರೆಡ್ ಆಕ್ಸೈಡ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ರೂಮ್‌ಮೇಟ್ ನೋಡಿ, "ಎಂಸಿಕ್ಯೂ ಪರೀಕ್ಷೆಗೆ ಚಿತ್ರ ಬರೀತೀಯಾ? ಫಸ್ಟ್ ಇಯರ್ ಅಲ್ಲ ಕಣೇ" ಅಂದಳು. ಒಬ್ಬ ಸೀನಿಯರ್ ಅಂತೂ, 200 ಪ್ರಶ್ನೆಯಲ್ಲಿ ಅನಾಟಮಿ ಹದಿನೈದು ಹದಿನೇಳು ಬಂದರೆ ಹೆಚ್ಚು, ಅದಕ್ಕೆ ದಿನಾ ಅರ್ಧ ಗಂಟೆ ಕೊಡೋದು ದಂಡ ಅಂದರು. ಆದರೆ ತೋಳಿನ ಮೂಳೆಯ ಸರ್ಜಿಕಲ್ ನೆಕ್ ಮುರಿದರೆ ಆಕ್ಸಿಲರಿ ನರಕ್ಕೆ ಪೆಟ್ಟು, ಫಿಬುಲಾ ನೆಕ್‌ಗೆ ಪೆಟ್ಟಾದರೆ ಫುಟ್ ಡ್ರಾಪ್ (ಪಾದ ಎತ್ತಲಾಗದಿರೋದು), ಮೆದುಳಿನ ಟೆಂಪೋರಲ್ ಲೋಬ್‌ಗೆ ಪೆಟ್ಟಾದರೆ ಮೇಲಿನ ಕಾಲು ಭಾಗದ ನೋಟ ಹೋಗೋದು, ಇವೆಲ್ಲ ಆರ್ಥೋ, ಮೆಡಿಸಿನ್, ಕಣ್ಣಿನ ಪ್ರಶ್ನೆಗಳಾಗಿ ಬರುತ್ತವೆ. ಒಳಗಿರೋದು ಅನಾಟಮಿಯೇ ಅಲ್ವಾ? ನನ್ನ ಲೆಕ್ಕದಲ್ಲಿ 35 ಪ್ರಶ್ನೆಯಾದರೂ ಇದರ ಮೇಲೆ ನಿಂತಿರುತ್ತವೆ.

ಮೊದಲ ಎರಡು ವಾರ ಏನೂ ಪ್ರಯೋಜನ ಆಗಲಿಲ್ಲ. ಪುಸ್ತಕ ಪಕ್ಕದಲ್ಲಿಟ್ಟು, ನಾಲ್ಕು ಬಣ್ಣದಲ್ಲಿ, ಮೆಡುಲ್ಲಾದ (ಬ್ರೈನ್‌ಸ್ಟೆಮ್‌ನ ಕೆಳಭಾಗ) ಒಂದು ಸೆಕ್ಷನ್‌ಗೆ, ಅಂದರೆ ಅಡ್ಡ ಕೊಯ್ದ ನೋಟದ ಚಿತ್ರಕ್ಕೆ, ಮುಕ್ಕಾಲು ಗಂಟೆ ಕೊಡುತ್ತಿದ್ದೆ. ಚಿತ್ರ ಚೆನ್ನಾಗಿ ಬರುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ಆಮೇಲೆ ನಿಯಮ ಬದಲಾಯಿಸಿದೆ. ಪುಸ್ತಕ ಮುಚ್ಚಬೇಕು. ಒಂದು ಸೆಕ್ಷನ್‌ಗೆ 4 ನಿಮಿಷ. ಚಿತ್ರ ಎಷ್ಟು ಕೆಟ್ಟದಾಗಿದ್ದರೂ ಪರವಾಗಿಲ್ಲ. ಮುಗಿದ ಮೇಲೆ ಪುಸ್ತಕ ತೆರೆದು ತಪ್ಪನ್ನು ಕೆಂಪು ಸೀಮೆಸುಣ್ಣದಲ್ಲಿ ತಿದ್ದಬೇಕು. ಬಿಳಿ ಒರೆಸಿ, ಕೆಂಪನ್ನು ಮಾತ್ರ ರಾತ್ರಿವರೆಗೂ ನೆಲದ ಮೇಲೆ ಬಿಡುತ್ತಿದ್ದೆ. ಓಡಾಡುವಾಗೆಲ್ಲ ಕಣ್ಣಿಗೆ ಬೀಳುತ್ತಿತ್ತು.

ಬ್ರೈನ್‌ಸ್ಟೆಮ್‌ನಲ್ಲಿ ಪೆಟ್ಟು ಎಲ್ಲಿದೆ ಅಂತ ಹುಡುಕೋಕೆ ನಾಲ್ಕರ ಸೂತ್ರ ಅಂತ ಒಂದಿದೆ. ನಡುವೆ 4, ಪಕ್ಕಕ್ಕೆ 4. ನಡುವಿನವು ಮೋಟಾರ್ (ಚಲನೆಯ) ದಾರಿ, ಮೀಡಿಯಲ್ ಲೆಮ್ನಿಸ್ಕಸ್ (ವೈಬ್ರೇಷನ್ ಹೊತ್ತೊಯ್ಯುವ ದಾರಿ), ಎಂಎಲ್‌ಎಫ್ (ಎರಡೂ ಕಣ್ಣಿನ ಚಲನೆ ಹೊಂದಿಸುವ ಎಳೆ), ಮೋಟಾರ್ ನ್ಯೂಕ್ಲಿಯಸ್, ಎಲ್ಲವೂ ಎಂ ಅಕ್ಷರದವು. ನಮಗೆ ಇದು ಇನ್ನೂ ಸುಲಭ, ಮಧ್ಯದ್ದೂ ಮಕಾರವೇ. ಮೆದುಳಿನ 12 ಜೋಡಿ ಕ್ರೇನಿಯಲ್ ನರಗಳಲ್ಲಿ 12ನ್ನು ಭಾಗಿಸುವ 3, 4, 6, 12ನೇ ನರಗಳು ನಡುವೆ, ಭಾಗಿಸದವು ಪಕ್ಕಕ್ಕೆ (1, 2 ಬ್ರೈನ್‌ಸ್ಟೆಮ್‌ಗೆ ಸೇರಲ್ಲ). ನಾನು ಇದನ್ನು ಮೂರು ಮನೆಯ ರಂಗೋಲಿ ಮಾಡಿಕೊಂಡೆ. ಕೆಳಗೆ ಮೆಡುಲ್ಲಾ, ನಡುವೆ ಪಾನ್ಸ್, ಮೇಲೆ ಮಿಡ್‌ಬ್ರೈನ್. ಆಮೇಲೆ ಒಂದು ಸ್ಟೀಲ್ ಡಬ್ಬಿಯಲ್ಲಿ ಅರವತ್ತು ಚೀಟಿ ಹಾಕಿಟ್ಟೆ. ಚೀಟಿಯಲ್ಲಿ ಸಿಂಡ್ರೋಮ್ ಹೆಸರು ಇರಲ್ಲ, ರೋಗಿಗೆ ಏನು ಹೋಗಿದೆ ಅನ್ನೋದಷ್ಟೇ. ಉದಾಹರಣೆಗೆ, "ನಾಲಿಗೆ ಎಡಕ್ಕೆ ವಾಲಿದೆ, ಬಲಗೈ ಬಲಗಾಲು ಬಿದ್ದಿದೆ." ನಾಲಿಗೆ ಅಂದರೆ 12, ಭಾಗಿಸುತ್ತೆ, ನಡುವಿನ ಸಾಲು. ಮೆಡುಲ್ಲಾಗೆ ಸೇರಿದ ಕೊನೆಯ ನಾಲ್ಕು ನರಗಳಲ್ಲಿ ಒಂದು, ಹಾಗಾಗಿ ಕೆಳಗಿನ ಮನೆ. ನಾಲಿಗೆ ವಾಲಿದ ಕಡೆಯೇ ಪೆಟ್ಟು. ನೆಲದ ರಂಗೋಲಿಯಲ್ಲಿ ಎಡ ಮೆಡುಲ್ಲಾದ ನಡುಭಾಗಕ್ಕೆ ಗುರುತಿಗೆ ಒಂದು ಕಡಲೆಕಾಳು ಇಡು. ಹತ್ತು ಸೆಕೆಂಡ್ ಕೆಲಸ. ಹೆಸರು, ರಕ್ತನಾಳ ಎಲ್ಲ ಆಮೇಲೆ ತಾನಾಗಿ ಬರುತ್ತವೆ.

ಆದರೂ ಒಂದು ತಪ್ಪು ಬಿಡಲೇ ಇಲ್ಲ. ಸ್ಪೈನಲ್ ಕಾರ್ಡ್‌ನ (ಬೆನ್ನುಹುರಿ) ಯಾವ ದಾರಿ ಎಲ್ಲಿ ಆಚೆ ಪಕ್ಕಕ್ಕೆ ದಾಟುತ್ತೆ ಅನ್ನೋದು ಪ್ರತಿ ಸಲ ಉಲ್ಟಾ ಆಗುತ್ತಿತ್ತು. ನೆಲದ ಚಿತ್ರ ಚಪ್ಪಟೆ, ಅದರಲ್ಲಿ ಇದು ಕಾಣಲ್ಲ. ಒಂದು ಹಳೇ ಹಲಗೆಗೆ ಮೊಳೆ ಹೊಡೆದು ಮೂರು ಬಣ್ಣದ ಉಲ್ಲನ್ ದಾರ ಕಟ್ಟಿದೆ. ಖರ್ಚು ಸುಮಾರು 60 ರೂಪಾಯಿ. ಕೆಂಪು ನೋವಿನದು, ಒಳಗೆ ಬಂದ ಒಂದೆರಡು ಸೆಗ್ಮೆಂಟ್‌ನಲ್ಲೇ ದಾಟುತ್ತೆ. ನೀಲಿ ವೈಬ್ರೇಷನ್‌ದು, ಮೆಡುಲ್ಲಾವರೆಗೂ ಅದೇ ಪಕ್ಕದಲ್ಲಿ ಹೋಗಿ ಅಲ್ಲಿ ದಾಟುತ್ತೆ. ಹಸಿರು ಮೋಟಾರ್, ಮೇಲಿಂದ ಬಂದು ಮೆಡುಲ್ಲಾದ ಪಿರಮಿಡ್ ಹತ್ತಿರ ದಾಟುತ್ತೆ. ಎಡಗಡೆ ಕತ್ತರಿ ಇಟ್ಟು ನೋಡಿದೆ. ನೀಲಿ, ಹಸಿರು ಎಡಗಾಲಿಗೆ ಸೇರಿದ್ದು, ಕೆಂಪು ಬಲಗಾಲಿಂದ ಬಂದಿದ್ದು. ಬ್ರೌನ್ ಸೆಕಾರ್ಡ್ (ಬೆನ್ನುಹುರಿಯ ಒಂದು ಪಕ್ಕ ಮಾತ್ರ ಕಡಿದಾಗ ಬರುವ ಲಕ್ಷಣಗಳು) ಅವತ್ತಿಂದ ನನಗೆ ಒಂದೇ ಒಂದು ಸಲವೂ ತಪ್ಪಿಲ್ಲ.

ಇದೇ ಹುರುಪಿನಲ್ಲಿ ಮಟನ್ ಅಂಗಡಿಯಿಂದ ಕುರಿ ಮೆದುಳೂ ತಂದೆ, ನೂರು ರೂಪಾಯಿಯ ಆಸುಪಾಸು. ಹಸಿದನ್ನು ಕೊಯ್ಯೋಕೆ ಹೋದರೆ ಬೆಣ್ಣೆ ಥರ ಕುಸಿಯಿತು. ಎರಡನೆಯದನ್ನು ಉಪ್ಪು ನೀರಿನಲ್ಲಿ ಸ್ವಲ್ಪ ಬೇಯಿಸಿದೆ, ಗಟ್ಟಿಯಾಯಿತು. ಸೆರೆಬೆಲ್ಲಮ್ (ಕಿರುಮೆದುಳು) ಪಕ್ಕಕ್ಕೆ ಸರಿಸಿದರೆ ಮಿಡ್‌ಬ್ರೈನ್ ಬೆನ್ನಿನ ನಾಲ್ಕು ಉಬ್ಬು, ಅಂದರೆ ಕಾಲಿಕ್ಯುಲಸ್, ಕಡಲೆಬೇಳೆ ಜೋಡಿಸಿಟ್ಟ ಹಾಗೆ ಕಂಡವು. ಚಿತ್ರದಲ್ಲಿ ಅದು ಹಾಗೆ ಯಾವತ್ತೂ ಕಂಡಿರಲಿಲ್ಲ. ಆದರೆ ಕುರಿಗೆ ವಾಸನೆಯ ಆಲ್ಫ್ಯಾಕ್ಟರಿ ಬಲ್ಬ್ ದೊಡ್ಡದು, ಮೆದುಳು ಬೆನ್ನುಹುರಿಗೆ ಹೆಚ್ಚುಕಮ್ಮಿ ನೇರವಾಗಿ ಮಲಗಿರುತ್ತೆ. ಅದೇ ಮನಸ್ಸಿನಲ್ಲಿ ಕೂತರೆ ಮನುಷ್ಯರದ್ದು ಕಲಸಿಹೋಗುತ್ತೆ. ಒಂದು ಸಲ ನೋಡಿ, ಸಾಕು.

ಈ ಪದ್ಧತಿ ಮೇಲೆ ನನಗೆ ಗಟ್ಟಿ ನಂಬಿಕೆ ಬಂದಿದ್ದು ಪರೀಕ್ಷೆಯಲ್ಲಲ್ಲ, ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ. ರಾತ್ರಿ ಹನ್ನೊಂದರ ಹೊತ್ತಿಗೆ ಒಬ್ಬ ಅಜ್ಜನನ್ನು ಕರೆತಂದರು. ತಲೆಸುತ್ತು, ವಾಂತಿ, ಬಿಡದ ಬಿಕ್ಕಳಿಕೆ. "ಡಾಕ್ಟ್ರಮ್ಮಾ, ನೀರು ಇಳೀತಿಲ್ಲ, ಮೂಗಿಗೆ ಹತ್ತುತ್ತೆ" ಅಂದರು. ದನಿ ಒಡೆದಿತ್ತು. ಕೈಕಾಲಿನ ಬಲ ಪೂರ್ತಿ ಇತ್ತು, ಹಾಗಾಗಿ ಸ್ಟ್ರೋಕ್ ಅಂತ ಯಾರೂ ಯೋಚಿಸಿರಲಿಲ್ಲ. ಗ್ಯಾಸ್ಟ್ರಿಕ್ ಅಂತ ಮಗ ಮಾತ್ರೆ ಕೊಡಿಸಿಕೊಂಡು ಬಂದಿದ್ದ. ನನಗೆ ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿದಂತೆ ಕಂಡಿತು, ಪಾಪೆಯೂ ಚಿಕ್ಕದು. ಟ್ಯೂನಿಂಗ್ ಫೋರ್ಕನ್ನು ತಣ್ಣೀರಲ್ಲಿ ಅದ್ದಿ ಕೆನ್ನೆಗಿಟ್ಟೆ. ಬಲಗೆನ್ನೆಗೆ "ತಣ್ಣಗಿದೆ" ಅಂದರು, ಎಡಗೆನ್ನೆಗೆ ಏನೂ ಹೇಳಲಿಲ್ಲ. ತೋಳಿಗಿಟ್ಟರೆ ಎಡಕ್ಕೆ ತಣ್ಣಗೆ, ಬಲಕ್ಕೆ ಇಲ್ಲ. ನನ್ನ ಕಣ್ಣ ಮುಂದೆ ನೆಲದ ರಂಗೋಲಿಯೇ ಬಂತು. ಕೆಳಗಿನ ಮನೆ, ಎಡಪಕ್ಕ. ಕಾಳು ಇಟ್ಟ ಹಾಗೆ. ಲ್ಯಾಟರಲ್ ಮೆಡುಲ್ಲರಿ (ಮೆಡುಲ್ಲಾದ ಪಕ್ಕದ ಭಾಗದ ಸ್ಟ್ರೋಕ್) ಅಂತ ಬರೆದು, ಬಾಯಿಗೆ ಏನೂ ಕೊಡಬೇಡಿ ಅಂತ ಹೇಳಿ ಜಿಲ್ಲೆಗೆ ಕಳಿಸಿದೆ. ಎಂಆರ್‌ಐನಲ್ಲಿ ಅದೇ ಬಂತು. ಮಗ ಫೋನ್ ಮಾಡಿ ಹೇಳಿದಾಗ ನನಗೆ ಕಣ್ಣಲ್ಲಿ ನೀರು ಬಂತು.

ಮೂರನೇ ಸಲಕ್ಕೆ ಒಟ್ಟು ಖರ್ಚು ಐದಾರು ಸಾವಿರ ಇರಬಹುದು, ಅದರಲ್ಲಿ ಹೆಚ್ಚಿನದು ಗ್ರ್ಯಾಂಡ್ ಟೆಸ್ಟ್‌ಗೆ (ಪೂರ್ತಿ ಅಣಕು ಪರೀಕ್ಷೆ). ಸೀಮೆಸುಣ್ಣ ಹತ್ತು ಡಬ್ಬಿ. 800 ಅಂಕಕ್ಕೆ ಮೊದಲ ಸಲ ಮುನ್ನೂರರ ಆಸುಪಾಸು ಇದ್ದಿದ್ದು ಈ ಸಲ ಐನೂರು ದಾಟಿತು. ದಂಡ ಅಂದ ಸೀನಿಯರ್ ಈಗ ಚೀಟಿ ಡಬ್ಬಿ ಕೇಳಿದ್ದಾರೆ. ಚೀಟಿ ಕೊಡುತ್ತೇನೆ. ಆದರೆ ಕ್ರೇನಿಯಲ್ ನರ್ವ್ ಹಾದುಹೋಗುವ ತಲೆಬುರುಡೆಯ ತೂತುಗಳಿಗೆ ನಾನು ಮಾಡಿಕೊಂಡ ಒಂದು ಉಪಾಯ ಇದೆ, ಅದನ್ನು ಸದ್ಯಕ್ಕೆ ಯಾರಿಗೂ ಹೇಳಲ್ಲ. ತಂಗಿ ಮುಂದಿನ ಸಲ ಬರೆಯುತ್ತಿದ್ದಾಳೆ, ಅವಳದ್ದು ಮುಗಿಯಲಿ.

ಎಂಬ್ರಿಯಾಲಜಿಗೆ (ಭ್ರೂಣದ ಬೆಳವಣಿಗೆ) ಮಾತ್ರ ಚುಕ್ಕಿ ಕೈಕೊಟ್ಟಿತು. ಅಲ್ಲಿ ಎಲ್ಲವೂ ಚಲಿಸುತ್ತೆ, ಚುಕ್ಕಿ ನಿಂತಲ್ಲೇ ನಿಲ್ಲುತ್ತೆ. ಮಿಡ್‌ಗಟ್ (ಭ್ರೂಣದ ಕರುಳಿನ ನಡುಭಾಗ) 270 ಡಿಗ್ರಿ ತಿರುಗೋದನ್ನು ಈಗ ಲಂಗದ ಲಾಡಿಯಲ್ಲಿ ಮಾಡಿ ನೋಡುತ್ತಿದ್ದೇನೆ. ಮೊದಲ 90 ಸರಿಯಾಗಿ ಬರುತ್ತೆ. ಉಳಿದ 180ರಲ್ಲಿ ಸೀಕಮ್ (ದೊಡ್ಡ ಕರುಳಿನ ಮೊದಲ ಭಾಗ) ಬಲಕ್ಕೆ ಬರೋದು ಬಿಟ್ಟು ಇನ್ನೂ ಎಡಗಡೆಯೇ ಹೋಗಿ ಕೂರುತ್ತಿದೆ.