ಮೂರು ಮಳೆಗಾಲ ಕಂಡ ಪೆಟ್ರೋಲ್

ನಮ್ಮ ಮನೆ ಮೂಡಿಗೆರೆ ಕಡೆ. ಅಪ್ಪನ ಮಾರುತಿ 800, 1998ರ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಇರುವ ಗಾಡಿ, 2022ರ ದೀಪಾವಳಿ ಆದ ಮೇಲೆ ಶೆಡ್ಡಿನಿಂದ ಹೊರಗೆ ಬಂದಿರಲಿಲ್ಲ. ಅಪ್ಪನಿಗೆ ಕಣ್ಣು ಮಂಜಾಗಿತ್ತು, ನಾನು ಊರಲ್ಲಿರಲಿಲ್ಲ. ಈ ಸಲ ಕಾಫಿ ಕುಯ್ಲಿಗೆ ಬಂದವನು ಮೊದಲು ಮಾಡಿದ್ದೇ ತಪ್ಪು ಕೆಲಸ. ಪಕ್ಕದ ತೋಟದವರ ಜೀಪಿನ ಬ್ಯಾಟರಿಗೆ ವೈರ್ ಕೊಟ್ಟು ಸುಮ್ನೆ ಸೆಲ್ಫ್ ಹೊಡೆದೆ. ಹತ್ತು ಸಲ ಹೊಡೆದಿರಬೇಕು. ಒಂದೆರಡು ಸಲ ಕೆಮ್ಮಿತು, ಆಮೇಲೆ ಅದೂ ಇಲ್ಲ.

ಹ್ಯಾಂಡ್‌ಪೋಸ್ಟ್ ಕಡೆಯಿಂದ ಬಂದ ಹಳೇ ಮೆಕ್ಯಾನಿಕ್ ಬಾನೆಟ್ ಮುಟ್ಟಲೇ ಇಲ್ಲ. ಸೀದಾ ಟ್ಯಾಂಕ್ ಮುಚ್ಚಳ ತೆಗೆದು ಮೂಸಿ ನೋಡಿದರು. "ಮೂರು ವರ್ಷದ ಹಿಂದಿನ ಹಾಲು ಯಾರಾದ್ರೂ ಕಾಯಿಸ್ತಾರಾ ಸಾರ್?" ಅಂದರು. ನಾನೂ ಮೂಸಿದೆ. ಪೆಟ್ರೋಲ್ ವಾಸನೆಯ ಆ ಚುರುಕು ಇರಲಿಲ್ಲ. ಬಾಗಿಲಿಗೆ ಹೊಡೆಯುವ ವಾರ್ನಿಷ್‌ನ ಹುಳಿ ವಾಸನೆ.

ಪೆಟ್ರೋಲ್ ತೆಗೆಯೋಕೆ ಗಾಡಿಯನ್ನು ಕಣಕ್ಕೆ ತಳ್ಳೋಣ ಅಂದುಕೊಂಡೆ. ಅಮ್ಮ ಬಿಡಲಿಲ್ಲ. "ಕಾಫಿ ಒಣಗ್ತಿದೆ, ಆ ನಾತ ಹಿಡ್ಕೊಂಡ್ರೆ ಯಾರು ತಗೋತಾರೋ?" ಅವಳು ಹೇಳಿದ್ದು ಸರಿ. ಕಾಫಿ ಬೀಜ ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತೆ. ಗೇಟಿನ ಹತ್ತಿರ, ಬಯಲಲ್ಲಿ ನಿಲ್ಲಿಸಿದೆವು. ಬ್ಯಾಟರಿ ಟರ್ಮಿನಲ್ ಬಿಚ್ಚಿಟ್ಟು, ಬೀಡಿ ಸೇದುವ ಆಳುಗಳನ್ನು ದೂರ ಕಳಿಸಿ, ಸೀಮೆಎಣ್ಣೆ ಎತ್ತುವ ಪ್ಲಾಸ್ಟಿಕ್ ಕೈಪಂಪಿನಲ್ಲಿ ಎಳೆದೆವು. ಬಾಯಲ್ಲಿ ಪೈಪ್ ಇಟ್ಟು ಎಳೆಯುವವರನ್ನು ಈಗಲೂ ನೋಡುತ್ತೇನೆ. ಪೆಟ್ರೋಲ್ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು.

ಸುಮಾರು 11 ಲೀಟರ್ ಬಂತು. ಬಣ್ಣ ಬೆಲ್ಲದ ಕಾಫಿಯದ್ದು. ಕೊನೆಯಲ್ಲಿ ಬಂದದ್ದನ್ನು ಗಾಜಿನ ಬಾಟಲಿಗೆ ಹಾಕಿ ಕಟ್ಟೆ ಮೇಲಿಟ್ಟೆ. ಅರ್ಧ ಗಂಟೆಯಲ್ಲಿ ಎರಡು ಪದರ ಆಯಿತು. ತಳದಲ್ಲಿ ಎರಡು ಬೆರಳಷ್ಟು ಮಬ್ಬು ನೀರಿನಂಥದ್ದು, ಮೇಲೆ ಪೆಟ್ರೋಲ್. ನನಗೆ ವಿಷಯ ಅರ್ಥವಾಗಿದ್ದು ಆ ಬಾಟಲಿ ನೋಡಿದ ಮೇಲೆ. 2022ರ ಹೊತ್ತಿಗೇ ಬಂಕಿನ ಪೆಟ್ರೋಲಿನಲ್ಲಿ ಶೇಕಡ 10ರಷ್ಟು ಎಥನಾಲ್ ಬೆರೆಸುತ್ತಿದ್ದರು, ಈಗ ಶೇಕಡ 20. ಎಥನಾಲ್ ಗಾಳಿಯ ತೇವ ಹೀರುತ್ತೆ. ಅರ್ಧ ಖಾಲಿ ಟ್ಯಾಂಕು, ನಮ್ಮ ಮಲೆನಾಡಿನ ಜೂನ್‌-ಜುಲೈ ತಿಂಗಳು, ಇನ್ನು ಕೇಳಬೇಕಾ? ಶೇಕಡ 10 ಎಥನಾಲ್ ಇರುವ ಒಂದು ಲೀಟರ್ ಪೆಟ್ರೋಲ್ ತಡೆದುಕೊಳ್ಳುವುದು ಹೆಚ್ಚುಕಡಿಮೆ ಒಂದು ಚಮಚ ನೀರು. ಅದಕ್ಕಿಂತ ಜಾಸ್ತಿಯಾದರೆ ನೀರು ಎಥನಾಲನ್ನೂ ಎಳೆದುಕೊಂಡು ತಳಕ್ಕೆ ಇಳಿಯುತ್ತೆ. ಇಂಜಿನ್ ಪೆಟ್ರೋಲ್ ಎಳೆಯುವ ಪೈಪ್ ಇರುವುದೂ ತಳದಲ್ಲೇ. ಅಂದರೆ ನಾನು ಸೆಲ್ಫ್ ಹೊಡೆದಷ್ಟೂ ಸಲ ಕುಡಿಸಿದ್ದು ಆ ಮಬ್ಬು ನೀರನ್ನೇ. ಬೇಗ ಹೊತ್ತಿಕೊಳ್ಳುವ ಹಗುರ ಭಾಗ ಎಂದೋ ಆವಿಯಾಗಿ ಹೋಗಿತ್ತು.

ಹೊಸ ಪೆಟ್ರೋಲ್ ಬೆರೆಸಿದ್ದರೆ ಆಗುತ್ತಿರಲಿಲ್ಲವಾ ಅಂತ ಸುಮಾರು ಜನ ಕೇಳಿದರು. ಎರಡು ಮೂರು ತಿಂಗಳು ನಿಂತ ಗಾಡಿಗಾದರೆ ನಾನೂ ಅದನ್ನೇ ಮಾಡುತ್ತೇನೆ. ಪದರ ಬಿಟ್ಟ ಮೇಲೆ ಬೆರೆಸಿದರೆ ಹೊಸ ಪೆಟ್ರೋಲೂ ದಂಡ.

ಟ್ಯಾಂಕ್ ಕೆಳಗಿಳಿಸಲೇಬೇಕಾಯಿತು, ಒಳಗೆ ತುಕ್ಕು. ಮೆಕ್ಯಾನಿಕ್ ಒಂದು ಹಿಡಿ ನಟ್ಟುಗಳನ್ನು ಎಣಿಸಿ ಒಳಗೆ ಹಾಕಿ, ಸ್ವಲ್ಪ ಹೊಸ ಪೆಟ್ರೋಲ್ ಸುರಿದು, ಇಬ್ಬರು ಹಿಡಿದು ಕುಲುಕಿದೆವು. ಕೆಂಪು ಕೆಸರು ಬಂತು. ನಾಲ್ಕು ಸಲ ತೊಳೆದ ಮೇಲೆ ತಿಳಿಯಾಯಿತು. ನಟ್ಟುಗಳನ್ನು ಮತ್ತೆ ಎಣಿಸಿದರು. ಒಂದು ಕಮ್ಮಿ ಬಂತು! ಅದನ್ನು ಹೊರಗೆ ಬೀಳಿಸೋಕೆ ಇನ್ನೊಂದು ಗಂಟೆ.

ಕಾರ್ಬೊರೇಟರ್ ಬಿಚ್ಚಿದಾಗ ತಳದ ಬಟ್ಟಲಲ್ಲಿ ಹಲಸಿನ ಮೇಣದಂಥ ಅಂಟು, ಅಂಚಿನಲ್ಲಿ ಬಿಳಿ ಪುಡಿ. ಪೆಟ್ರೋಲ್ ಅಳೆದು ಬಿಡುವ ಜೆಟ್ಟಿನ ಸಣ್ಣ ತೂತು ಪೂರ್ತಿ ಮುಚ್ಚಿತ್ತು. ನಾನು ಸೂಜಿ ತರಲು ಹೊರಟೆ, ಅವರು ಬೈದರು. ಜೆಟ್ ಹಿತ್ತಾಳೆಯದ್ದು, ಸೂಜಿ ಚುಚ್ಚಿದರೆ ತೂತು ದೊಡ್ಡದಾಗಿ ಮೈಲೇಜ್ ಹೋಗುತ್ತೆ. ರಾತ್ರಿಯೆಲ್ಲ ಕ್ಲೀನರ್‌ನಲ್ಲಿ ನೆನೆಸಿ ಬೆಳಿಗ್ಗೆ ಗಾಳಿ ಹೊಡೆದರು. ರಬ್ಬರ್ ಪೈಪುಗಳು ಬಗ್ಗಿಸಿದರೆ ಬಿರಿಯುತ್ತಿದ್ದವು. ಪೈಪ್, ಕ್ಲಿಪ್, ಫಿಲ್ಟರ್, ಪಂಪು ಎಲ್ಲ ಹೊಸದು. ಆಯಿಲ್, ಬ್ಯಾಟರಿ, ಏರ್ ಫಿಲ್ಟರಿನೊಳಗೆ ಸಂಸಾರ ಹೂಡಿದ್ದ ಇಲಿ, ಇದೆಲ್ಲ ಬೇರೆ ಕಥೆ.

ಕಾರ್ಬೊರೇಟರ್ ಇಲ್ಲದ, ಈಚಿನ ಇಂಜೆಕ್ಷನ್ ಗಾಡಿ ಇರುವವರಿಗೆ ಒಂದು ಮಾತು. ಅದರಲ್ಲಿ ಪಂಪು ಟ್ಯಾಂಕಿನೊಳಗೇ ಇರುತ್ತೆ. ಕೀ ಆನ್ ಮಾಡಿದರೆ ಸಾಕು, ಸೆಲ್ಫ್ ಹೊಡೆಯದಿದ್ದರೂ ಅದು ಒಂದೆರಡು ಸೆಕೆಂಡ್ ಓಡಿ ಆ ಕೊಳಕನ್ನು ಮುಂದಕ್ಕೆ ತಳ್ಳುತ್ತೆ. ಟ್ಯಾಂಕ್ ನೋಡುವ ತನಕ ಕೀ ಹಾಕಲೇಬೇಡಿ.

ಇಂಜಿನ್ ಬಿಡುವ ಮೊದಲು ಮೂರೂ ಪ್ಲಗ್ ಬಿಚ್ಚಿ, ಒಂದೊಂದು ಚಮಚ ಆಯಿಲ್ ಬಿಟ್ಟು, ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿದೆವು. ಆಮೇಲೆ 5 ಲೀಟರ್ ಹೊಸ ಪೆಟ್ರೋಲ್. ಮೂರನೇ ಸೆಲ್ಫಿಗೆ ಹಿಡಿಯಿತು. ಆ ಆಯಿಲ್ ಉರಿದು ಶೆಡ್ಡು ತುಂಬ ಹೊಗೆ. ಅಪ್ಪ ಜಗಲಿಯಿಂದಲೇ ಕೂಗಿದರು, "ಚೋಕ್ ಒಳಗೆ ತಳ್ಳೋ!" ಕಣ್ಣು ಮಂಜಾದರೇನು, ಕಿವಿ ಚೆನ್ನಾಗಿದೆ.

ಹಳೇ ಪೆಟ್ರೋಲ್ ಏನು ಮಾಡೋದು ಅನ್ನುವುದೇ ತಲೆನೋವಾಯಿತು. ಕಳೆ ಕೊಚ್ಚುವ ಮಷಿನ್ನಿಗೆ ಹಾಕಿ ಅಂದರು ಒಬ್ಬರು. ಅದಕ್ಕೂ ಕಾರ್ಬೊರೇಟರ್ ಇದೆಯಲ್ಲ! ತರಗೆಲೆ ಸುಡೋಕೆ ಅಂದರು ಇನ್ನೊಬ್ಬರು, ಅದಂತೂ ಮೈ ಸುಟ್ಟುಕೊಳ್ಳುವ ದಾರಿ. ತೋಟಕ್ಕೆ ಚೆಲ್ಲಿದರೆ ಕೊನೆಗೆ ನಮ್ಮ ಬಾವಿಗೇ ಬರುತ್ತೆ. ಮೆಕ್ಯಾನಿಕ್ ಮೇಲಿನ ತಿಳಿಯನ್ನು ಎಣ್ಣೆ ಹಿಡಿದ ಪಾರ್ಟ್ ತೊಳೆಯೋಕೆ ಕ್ಯಾನಿನಲ್ಲಿ ಒಯ್ದರು. ತಳದ ಕೊಳಕು ಅವರ ಗ್ಯಾರೇಜಿನ ವೇಸ್ಟ್ ಆಯಿಲ್ ಡ್ರಮ್ಮಿಗೆ ಹೋಯಿತು.

ಪಾರದರ್ಶಕ ಫಿಲ್ಟರ್ ಹಾಕಿಸಿದ್ದು ಒಳ್ಳೆಯದಾಯಿತು. 200 ಕಿಲೋಮೀಟರಿಗೇ ಒಳಗೆ ಕಂದು ಪುಡಿ ಕಂಡಿತು, ಬದಲಾಯಿಸಿದೆ. ಎರಡನೆಯದು ಈಗ 400 ಕಿಲೋಮೀಟರ್ ಓಡಿದೆ. ಒಳಗಿನ ಕಾಗದ ಇನ್ನೂ ಬೆಳ್ಳಗೇ ಇದೆ.